ಐದನೇ ಬಾಟ್ಲಿ

...ಅದೇ ಹೇಳಿದ್ದಲ್ವಾ ಚಂಪಾ ಟೀಚರೇ, ನೀವು ಹೇಳಿದ ಆರು ಜಾಗದಿಂದಲೇ ಆರು ಬಾಟ್ಲಿ ತುಂಬಿಸಿದ್ದು. ಹೊಳೆಯ ನೀರು ತಡೆದ ಮೇಲಿನ ಕಟ್ಟದಿಂದ ಕೆಳಗಿನ ಸೇತುವೆಯವರೆಗೆ. ನೀವು ಕೊಟ್ಟ ಹಲ್ಲುಜ್ಜುವ ಬ್ರಶ್ಶಿನಲ್ಲೇ ಕಲ್ಲಿನ ಪಾಚಿ ಉಜ್ಜಿ ತೆಗೆದು, ಚೀಟಿ ಅಂಟಿಸಿ... ನಮ್ಮ ಜೆರ್ಟ್ರೂಡ್ ಕೇಳಿದಳು, "ನಲ್ವತ್ತು ವರ್ಷದಲ್ಲಿ ನಿಮ್ಮ ಹಲ್ಲನ್ನು ಒಂದು ದಿನವಾದರೂ ಇಷ್ಟು ಉಜ್ಜಿದ್ದುಂಟಾ?" ಅಂತ. ಯಾಕೆ ನಗ್ತೀರಿ? ಹೆಂಡತಿ ಅಲ್ವಾ, ಹೇಳ್ತಾಳೆ.

ಐದನೆಯದ್ದನ್ನೇ ಎಂತ ಮತ್ತೆ ಮತ್ತೆ ನೋಡುವುದು? ಮಣಿಪಾಲದಿಂದ ಬಸ್ಸಿನಲ್ಲಿ ಕುಲುಕಿ ಕುಲುಕಿ ಬಂದ ಮೈಕ್ರೋಸ್ಕೋಪು, ಅದಕ್ಕೂ ತಲೆ ತಿರುಗಿರಬೇಕು.

ಅದು ನಮ್ಮ ಮನೆಯ ಕೆಳಗಿನ ನೀರು. ಅದಕ್ಕೆ ಈ ಜೋಕಿಮ್ ಪಟ್ಟ ಪಾಡು... ಒಂದು ಮೊಸಳೆ. ಈ ಜಗಲಿಯಿಂದ ಆ ತೆಂಗಿನ ಮರದವರೆಗೆ. ಬಾಲ ಬಿಟ್ಟು. ನನ್ನ ಕೈಯಲ್ಲಿ ಬ್ರಶ್ ನೋಡಿ ಬಾಯಿ ತೆರೆಯಿತು, ಹಲ್ಲುಜ್ಜಿಸಿಕೊಳ್ಳಲಿಕ್ಕೆ...

ಈಗ ನಗ್ತಾ ಇಲ್ಲ ನೀವು.

ನಮ್ಮ ಕಮಲಳನ್ನು ನೆನೆಸಿಕೊಳ್ಳಿ ಟೀಚರೇ. ಇದೇ ಹೊಳೆಯಲ್ಲಿ ಮರುವಾಯಿ ಚಿಪ್ಪುಮೀನು ಹೆಕ್ಕಿ, ಕಾಪು ಪೇಟೆಗೆ ಹೊತ್ತು ಮಾರಿ, ಮೂರು ಮಕ್ಕಳನ್ನು ಸಾಕಿದವಳು. ಈಗ ಹೆಕ್ಕಿದರೆ ಬರೀ ಖಾಲಿ ಚಿಪ್ಪು. ಯಾರಿಂದ? ಮೇಲಿನ ಗೇರುಬೀಜದ ಕಾರ್ಖಾನೆಯಿಂದ. ಮುಚ್ಚಿಸಬೇಕು ಅಂತ ಅರ್ಜಿ ಬರೆಸಿದ್ದೇ ನಾನು. ನೂರೆಂಟು ಸಹಿ... ಸರಿ, ಹದಿನೆಂಟು. ನೀರು ಎಲ್ಲಿ ಕೆಟ್ಟದ್ದು ಅಂತ ಟೀಚರು ಪಾಚಿಯ ಬಾಯಿ ಬಿಡಿಸ್ತಾರೆ ಅಂತ ಅವಳಿಗೆ ಹೇಳಿದ್ದೇನೆ. ಇವತ್ತು ಸಾಯಂಕಾಲ ಕೇಳಲಿಕ್ಕೆ ಬರ್ತಾಳೆ.

ಎಂತ? ಕಾರ್ಖಾನೆಯ ಕೆಳಗಿನ ಬಾಟ್ಲಿಯಲ್ಲೂ ಒಳ್ಳೆ ನೀರಿನ ಪಾಚಿಯೇ ಇರುವುದಾ? ಆರನೆಯದ್ದರಲ್ಲಿ ಮಾತ್ರ ಕೊಳಕು ನೀರಿನದ್ದು? ಹಾಗಾದರೆ ಕಾರ್ಖಾನೆಯವರು ಪಾಚಿಗೆ ಗೇರುಬೀಜ ತಿನ್ನಿಸಿರಬೇಕು.

ಐದನೆಯದ್ದು ಒಂದನೆಯದ್ದರ ಹಾಗೇ ಉಂಟಾ... ಒಂದೇ ಹೊಳೆ ಅಲ್ವಾ, ಅಣ್ಣತಮ್ಮಂದಿರು.

ಎಲ್ಲಿಗೆ ಎದ್ದದ್ದು? ಬಿಸಿಲುಂಟು. ಶರಬತ್ತು ಬರ್ತಾ ಉಂಟು. ಆ ಹೊಳೆಯಂಚಿನ ಕಾಂಡ್ಲ ಪೊದೆಯ ಹತ್ತಿರ ಬೇಡ, ಹಾವುಂಟು. ಎರಡು ಹೆಡೆಯದ್ದು. ವಾಸನೆಯಾ? ಅದು ಕಾರ್ಖಾನೆಯದ್ದು, ಗಾಳಿ ಆಚೆಯಿಂದ ಅಲ್ವಾ... ಆ ತೆಂಗಿನ ಗರಿ ಎತ್ತಬೇಡಿ. ಟೀಚರೇ. ಎತ್ತಬೇಡಿ.

...

ತೆಂಗಿನ ಸಿಪ್ಪೆ. ಹಗ್ಗಕ್ಕೆ ಅಂತ ನೀರಿನಲ್ಲಿ ಕೊಳೆಯಲಿಕ್ಕೆ ಹಾಕಿದ್ದು. ಒಂದು ನಾಲ್ಕು.

ಎಣಿಸಬೇಡಿ ಮಾರಾಯ್ರೆ.

ನಾಲ್ಕು ಸಾವಿರ. ಹೋದ ವರ್ಷ, ಎಂಬತ್ತೆರಡರ ಕ್ರಿಸ್ಮಸ್ ಕಳೆದ ಮೇಲೆ ಹಾಕಿದ್ದು. ನೀರು ಕಪ್ಪಾದದ್ದು ನನಗೂ ಕಂಡಿತ್ತು. ಕಮಲ ಖಾಲಿ ಚಿಪ್ಪು ತಂದು ಈ ಜಗಲಿಯಲ್ಲಿ ಸುರುವಿ, "ಎಂತ ಆಯ್ತು ಪೊರ್ಬುಗಳೇ" ಅಂತ ನನ್ನನ್ನು ಕೇಳಿ ಅತ್ತಾಗ... ಕಾರ್ಖಾನೆ ಅಂದುಬಿಟ್ಟೆ. ನಾನು ಒಂದೇ ಸಲ ಅಂದದ್ದು. ಮತ್ತೆ ಊರೇ ಹೇಳಿತು. ಐದನೆಯದ್ದನ್ನೂ ಮೇಲಿನ ಕಟ್ಟದ ಕಲ್ಲಿನಿಂದಲೇ ತುಂಬಿಸಿದ್ದು, ಹೌದು.

ಬ್ರಶ್ ಯಾಕೆ ನನಗೆ ಕೊಡ್ತೀರಿ?

...ಕೊಡಿ. ಆ ಖಾಲಿ ಬಾಟ್ಲಿಯೂ ಕೊಡಿ. ಕಲ್ಲು ಇಲ್ಲೇ, ಮೊಣಕಾಲುದ್ದದ ನೀರಿನಲ್ಲಿ. ಮೊಸಳೆ ಇಲ್ಲ.

ಆದರೆ ಸಾಯಂಕಾಲದ ತನಕ ನಿಲ್ಲಿ ಟೀಚರೇ. ಕಮಲ ಬರುವಾಗ ನನ್ನ ಪಕ್ಕದಲ್ಲಿರಿ. ನಾನು ನಿಜ ಹೇಳಿದರೆ ಅವಳು ನಂಬುವುದಿಲ್ಲ.