ಕಲೆಯವರು ಯಾರು?

ಚರ್ಮದ ಡಾಕ್ಟರ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ತಾಯಿ ಮಗಳು ಕೂತಿದ್ದರು. ಇಬ್ಬರ ಕೆನ್ನೆಯಲ್ಲೂ ಮೊಡವೆ ಮಾಯ್ದು ಉಳಿದ ಗುಳಿಗಳು.

“ಲೇಸರ್ ಮಾಡಿಸಿದ್ರೆ ಪೂರ್ತಿ ಹೋಗತ್ತಾ?” ತಾಯಿ ಕೇಳಿದರು.

“ಕಮ್ಮಿ ಆಗತ್ತಂತೆ. ನಾಲ್ಕು ಸಲ ಬರಬೇಕು. ಪ್ರತಿ ಸಲವೂ ಒಂದು ವಾರ ಮುಖ ಕೆಂಪಗಿರತ್ತೆ.”

“ಸೂಜಿಯಲ್ಲಿ ಚುಚ್ಚೋದೂ ಇದೆ ಅಂದ್ರಲ್ಲ?”

“ನನ್ನ ಗುಳಿ ಆಳ ಇದೆ. ಲೇಸರ್ರೇ ಆಗಬೇಕಂತೆ.”

“ಯಾಕೇ ಈ ಉರಿಯೆಲ್ಲ? ಅಂಗಡೀಲಿ ಬಟ್ಟೆ ಮಡಚೋ ಕೈ ಚೆನ್ನಾಗೇ ಇದೆಯಲ್ಲ?”

“ಕೈ ಚೆನ್ನಾಗಿದೆ ಅಂತಾನೇ ಗೋಡೌನಿಗೆ ಹಾಕಿದ್ದಾರೆ. ಕೌಂಟರಿಗೆ ಮುಖ ಬೇಕಂತೆ.”

“ನಂದೂ ಇದೇ ಮುಖ ಅಲ್ವೇನೇ? ಮೂವತ್ತು ವರ್ಷ ಆಫೀಸಲ್ಲಿ ದುಡಿದೆ. ಒಬ್ರೂ ಒಂದು ಮಾತು ಅನ್ಲಿಲ್ಲ.”

“ನೀನು ಬಗ್ಗಿ ನೆಲ ಒರೆಸ್ತಿದ್ದೆಯಮ್ಮ. ನಿನ್ನ ಮುಖ ಯಾರು ನೋಡಿದ್ರು?”

ತಾಯಿ ಸೆರಗು ಎಳೆದು ಕೆನ್ನೆ ಮುಚ್ಚಿಕೊಂಡರು.

“ತಪ್ಪಾಯ್ತಮ್ಮ.”

“ಇಲ್ಲ ಬಿಡು. ಸರಿಯಾಗೇ ಹೇಳ್ದೆ.”

ನರ್ಸ್ ಬಾಗಿಲಿಗೆ ಬಂದು ಕೂಗಿದರು: “ಮೊಡವೆ ಕಲೆಯವರು ಯಾರು? ಬನ್ನಿ.”

ಇಬ್ಬರೂ ಒಟ್ಟಿಗೇ ಎದ್ದು ನಿಂತರು.

“ನಿನ್ನನ್ನಲ್ಲಮ್ಮ,” ಎಂದಳು ಮಗಳು, ಮೆಲ್ಲಗೆ.

“ಹೌದಲ್ಲ. ಯಾರೋ ನನ್ನ ಮುಖ ನೋಡಿ ಕರೆದ್ರು ಅಂದ್ಕೊಂಡೆ ಕಣೇ.”

ತಾಯಿ ಕೂತರು. ಮಗಳು ಒಬ್ಬಳೇ ಒಳಗೆ ಹೋದಳು.