ಯೋಜೊ ಮಾಮನ ಬಿಯರೂ ಟಿನ್ ಕೆಟಲ್ ಷೇರೂ

...ಅಲುಗಾಡ್ಬೇಡಿ ಯೋಜೊ ಮಾಮ! ಕೈಲಿರೋದು ಕತ್ತಿ, ಬೆಣ್ಣೆ ಸವರೋ ಚಾಕು ಅಲ್ಲ. ಬಾಯಂತೂ ತೆಗೀಲೇಬೇಡಿ, ನೊರೆ ಒಳಗೆ ಹೋಗುತ್ತೆ. ನಮ್ಮ ಯಜಮಾನ ಊಟ ಮುಗಿಸಿ ಬರೋಷ್ಟ್ರಲ್ಲಿ ನಿಮ್ಮ ಮೂತಿ ಕನ್ನಡಿ ಥರ ಹೊಳೀತಿರುತ್ತೆ. ಎಲ್ಲಿದ್ದೆ? ಹಾಂ, ನಮ್ಮೂರ ಕತ್ತೆಗಳ ವಿಷಯ!

ಈ ಗಣಿ ಊರು ಕಾಲ್ಗೂರ್ಲೀಲಿ ಈಗ ಒಬ್ಬನ ತಲೆಯೂ ನೆಟ್ಟಗಿಲ್ಲ ಮಾಮ. ಕೂತ್ರೆ ನಿಕಲ್, ನಿಂತ್ರೆ ನಿಕಲ್! ಬೇಕರಿಯವನು, ಆ ಪೆಂಗೆಲಿ, ಹಿಟ್ಟು ನಾದೋದು ಬಿಟ್ಟು ಎದುರಿಗಿರೋ ಷೇರು ಬ್ರೋಕರ್ ಬಾಗಿಲಲ್ಲೇ ಬಿದ್ದಿರ್ತಾನೆ. ಕರಿಹಲಗೆ ಮೇಲೆ ಟಿನ್ ಕೆಟಲ್ ಗಣಿ ಕಂಪನಿ ಷೇರು ಏರಿದ್ರೆ ಅವತ್ತು ಬನ್ನು ಉಬ್ಬುತ್ತೆ. ಇಳೀತೋ... ನೆನ್ನೆ ಅವನ ಬನ್ನಲ್ಲಿ ಕಿಟಕಿ ಒಡೀಬಹುದಿತ್ತು!

ಆ ಷೇರು ಯಾಕೆ ಕೊಂಡ ಗೊತ್ತಾ? ನಿಮ್ಮಿಂದ! ಅಯ್ಯೋ, ಹೌದು ಮಾಮ! ಆ ಟಿನ್ ಕೆಟಲ್‌ನೋರಿಗೆ ಭೂಮಿ ಕೊರೆಯೋರು ನೀವು. ಕಂಪನಿ ನಿಮ್ಮ ಬಾಯಿಗೆ ಬೀಗ ಹಾಕಿದೆ. ಅದಕ್ಕೇ ಜನ ನಿಮ್ಮ ಬೂಟು ನೋಡ್ತಾರೆ, ಗ್ಲಾಸು ನೋಡ್ತಾರೆ. ಕ್ಯಾಂಪಿಂದ ಬಂದ ಯೋಜೊ ಶನಿವಾರ ಪಬ್ಬಲ್ಲಿದ್ದೋರಿಗೆಲ್ಲ ಬಿಯರ್ ಕೊಡಿಸಿದ! ಎಂಜಲು ಕೈಲಿ ಕಾಗೆ ಓಡಿಸದ ಯೋಜೊ! ಅಂದ್ಮೇಲೆ ಕೆಳಗೆ ನಿಕಲ್ ಸಿಕ್ಕೇ ಸಿಕ್ಕಿದೆ! ...ಗುರಾಯಿಸ್ಬೇಡಿ, ಹಾಗಂದಿದ್ದು ನಾನಲ್ಲ, ಊರು.

ಒಂದು ಬಿಯರ್ ನೋಡಿ ಷೇರು ಕೊಳ್ಳೋದಾ! ಥೂ!

ಇನ್ನೊಬ್ಬಳು ಮುದುಕಿ ಇದ್ದಾಳೆ ಮಾಮ... ಹೆಸರು ಬೇಡ. ಬಾಯಲ್ಲಿ ಒಂದೂ ಹಲ್ಲಿಲ್ಲ. ಕಂಡೋರ ಬಟ್ಟೆ ಇಸ್ತ್ರಿ ಮಾಡಿ ಕಟ್ಟುಹಲ್ಲಿಗೆ ಅಂತ ದುಡ್ಡು ಕೂಡಿಟ್ಟಿದ್ದಳು. ಅದನ್ನೂ ತಂದು ಸುರಿದಳು, ಟಿನ್ ಕೆಟಲ್‌ಗೆ! ಹಹ್ಹಹ್ಹ! ...ನೀವ್ಯಾಕೆ ನಗ್ತಿಲ್ಲ?

ಯಾರು ಹೇಳಿಕೊಟ್ರು ಅಂತಾನಾ? ನಂಗೇನು ಗೊತ್ತು! ಪಬ್ ಕಿಟಕೀಲಿ ಇಣುಕಿದ ಯಾವನೋ ತರಲೆ ಹುಡುಗ ಇರ್ಬೇಕು. ಮುದುಕಿಗೆ ಬುದ್ಧಿ ಬೇಡ್ವಾ? ಮೊನ್ನೆ ಮೊನ್ನೆವರೆಗೂ ಚಡ್ಡಿ ಹಾಕ್ಕೊಂಡಿದ್ದೋನ ಮಾತು ಕಟ್ಕೊಂಡು... ಹಾಗೆ ನೋಡ್ಬೇಡಿ ಮಾಮ. ಸಣ್ಣ ಗೀರು ಅಷ್ಟೆ. ಕತ್ತಿ ಹಳೇದು.

ಸುಮ್ನೆ ಕೇಳ್ತೀನಿ. ತಮಾಷೆಗೆ. ನಿಕಲ್ ಸಿಕ್ಕಿದ್ರೆ ಒಂದ್ಸಲ ಕಣ್ಣು ಹೊಡೀರಿ ಸಾಕು. ಬೀಗ ಇರೋದು ಬಾಯಿಗೆ ತಾನೆ?

...ಹೊಡೀರಿ ಮಾಮ.

ಹೋಗ್ಲಿ ಬಿಡಿ. ಶನಿವಾರ ಬಿಯರ್ ಯಾಕೆ ಕೊಡಿಸಿದ್ರಿ? ಅದನ್ನಾದ್ರೂ... ಹೊದಿಸಿದ ಬಟ್ಟೆಯೊಳಗಿಂದ ಕೈ ಯಾಕೆ ತೆಗೆದ್ರಿ? ಏನದು?

ಉಂಗುರ. ಹೊಸದು.

ಮದ್ವೆ... ಆಗ್ಬಿಟ್ರಾ? ಅದಕ್ಕಾ ಬಿಯರ್? ಬರೀ ಅದಕ್ಕಾ!

ಒಳ್ಳೇದಾಗ್ಲಿ ಮಾಮ, ಒಳ್ಳೇದಾಗ್ಲಿ... ಮತ್ತೆ ಆ ತೂತುಗಳಲ್ಲಿ? ಕೊರೆದು ಕೊರೆದು ಏನು ಸಿಕ್ತು? ತಗೊಳ್ಳಿ, ತುಟಿ ಮೇಲಿನ ನೊರೆ ಒರೆಸಿದೀನಿ, ಈಗ ಮಾತಾಡಿ. ಬೈರಿ ಬೇಕಾದ್ರೆ. ತಲೆಹರಟೆ, ಮುಚ್ಕೊಂಡು ಗಡ್ಡ ಕೆರಿ ಅಂತಾದ್ರೂ ಅನ್ನಿ! ...ಯಾಕೆ ನೆಲ ನೋಡ್ತೀರಿ?

ಏನೂ ಸಿಕ್ಕಿಲ್ವಾ ಮಾಮ?

ಹೂಂ, ಆ ಮುದುಕಿ ನಮ್ಮಜ್ಜೀನೇ! ಇನ್ಯಾರ ಅಜ್ಜಿ! ನಾನೇ ಹೇಳಿದ್ದು, ಕಣ್ಣಾರೆ ಕಂಡೆ ಅಂತ ಆಣೆ ಬೇರೆ ಹಾಕಿದ್ದು! ಇವತ್ತು ಬೆಳಿಗ್ಗೆ ಚಹಾದಲ್ಲಿ ಬ್ರೆಡ್ ಅದ್ಕೊಂಡು, "ಕೆವ್, ಹಲ್ಲು ಬಂದ ದಿನ ನೋಡು, ಕುರಿ ಚಾಪ್ಸು, ಮೂಳೆ ಸಮೇತ" ಅಂದ್ಲು...

ಎದುರು ಬ್ರೋಕರ್ ಬಾಗಿಲು ಇನ್ನೂ ತೆಗೆದಿದೆ! ಅಜ್ಜೀನ ಹೊತ್ಕೊಂಡಾದ್ರೂ ಬಂದು ಷೇರು ಮಾರಿಸ್ತೀನಿ. ಪೆಂಗೆಲಿ ಇನ್ನೂ ಕೊಳ್ತಾನೇ ಇದ್ದಾನೆ, ದೇವರು ಅವನನ್ನ ಚೆನ್ನಾಗಿಟ್ಟಿರ್ಲಿ!

ಏಳ್ಬೇಡಿ, ಏಳ್ಬೇಡಿ! ಇನ್ನೊಂದು ಕೆನ್ನೆ ಬಂದು ಮಾಡ್ತೀನಿ. ಕೈ ಒಳಗೆ ಹಾಕ್ಕೊಳ್ಳಿ ಮಾಮ... ನಿಮ್ಮ ಕಾಲಿಗೆ ಬೀಳ್ತೀನಿ, ನಾನು ವಾಪಸ್ ಬರೋ ತನಕ ಆ ಉಂಗುರ ಯಾರಿಗೂ ತೋರಿಸ್ಬೇಡಿ!