ಹೆಡ್ ಸಿಸ್ಟರ್ ಕ್ಯಾಲ್ಕುಲೇಟರ್

ನಮ್ಮ ಪಕ್ಕದ ಮನೆ ವಾಚ್ ರಿಪೇರಿಯವನಿಗೆ ಆದದ್ದು ಇದು. ಸ್ವಲ್ಪ ಹತ್ತಿರ ಬನ್ನಿ... ಜೋರಾಗಿ ಹೇಳೋ ವಿಷಯ ಅಲ್ಲ.

ರಾತ್ರಿ ಹನ್ನೊಂದೂವರೆ. ಆಸ್ಪತ್ರೆಗೆ ಹೋಗೋ ಅಡ್ಡದಾರಿಯಲ್ಲಿ ಒಂದು ಪಾಳುಬಾವಿ. ಅದರ ಪಕ್ಕ ಅವನೊಬ್ಬನೇ ಬಿರಬಿರನೆ ನಡೀತಿದ್ದ. ಅಂಗಿ ಜೇಬಿನಲ್ಲಿ ಒಂದು ಹಳೇ ಕ್ಯಾಲ್ಕುಲೇಟರ್.

ಅವನ ಅಕ್ಕ ಅಲ್ಲಿ ನರ್ಸ್. ಡ್ರಿಪ್ ನಿಮಿಷಕ್ಕೆ ಎಷ್ಟು ಹನಿ ಬೀಳಬೇಕು ಅಂತ ಲೆಕ್ಕ ಹಾಕೋಕೆ ಅದು ಬೇಕು. ರಾತ್ರಿ ವಾರ್ಡಿನ ದೀಪ ಆರಿಸಿದರೆ ಅಂಕಿ ಕಾಣಲ್ಲ, ಹಾಕಿದರೆ ರೋಗಿಗಳೆಲ್ಲ ಎದ್ದು ಕೂರುತ್ತಾರೆ. "ಪರದೆ ಹಿಂದೆ ಒಂದು ಲೈಟ್ ಕೂರಿಸಿ ಕೊಡೋ, ಇವತ್ತೇ ಬೇಕು" ಅಂದಿದ್ದಳು. ಹಿಂದಿನ ಹೆಡ್ ಸಿಸ್ಟರ್ ವರ್ಷಗಟ್ಟಲೆ ಬಳಸಿದ್ದು ಅದು. ಆಕೆ ಹೋದ ವರ್ಷ ತೀರಿಕೊಂಡರು.

ಸಂಜೆಯೆಲ್ಲ ಕೂತು, ಗಾಜಿನ ಬೆನ್ನಿಗೆ ಅಂಟಿದ್ದ ಬೆಳ್ಳಿ ಬಣ್ಣದ ಹಾಳೆಯನ್ನು ಬ್ಲೇಡಿನಿಂದ ಎಬ್ಬಿಸಿ ಸುಲಿದ. ಆ ಜಾಗಕ್ಕೆ ತೆಳ್ಳನೆ ಬಿಳಿ ಲೈಟ್ ಇಟ್ಟು, ಎರಡು ತಂತಿ ಬೆಸುಗೆ ಹಾಕಿದ. ಪುಣ್ಯಕ್ಕೆ ಗಾಜು ಒಡೀಲಿಲ್ಲ. ದಾರಿಯಲ್ಲಿ ಗುಂಡಿ ಒತ್ತಿಕೊಂಡು ಸುಮ್ಮನೆ ಉರಿಯೋದು ಬೇಡ ಅಂತ ಸೆಲ್ ಬಿಚ್ಚಿ ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಹೊರಟ.

ಬಾವಿಕಟ್ಟೆ ದಾಟಿದ.

ಟಕ್... ಟಕ್ ಟಕ್...

ನಿಂತ. ಎದೆಯ ಮೇಲೇ ಯಾರೋ ಗುಂಡಿ ಒತ್ತಿದ ಹಾಗೆ. ಅಂಗಿಯೊಳಗಿಂದ ಬೆಳಕು ಬಂತು. ಹೊರಗೆ ತೆಗೆದ. ಪರದೆ ಬೆಳಗುತ್ತಿತ್ತು. ಪ್ಯಾಂಟಿನ ಜೇಬು ಮುಟ್ಟಿ ನೋಡಿಕೊಂಡ... ಸೆಲ್ ಅಲ್ಲೇ ಇತ್ತು.

20.83.

"ಎಷ್ಟು ಬಂತು?"

ಬಲಗಿವಿಯ ಪಕ್ಕದಲ್ಲೇ. ಹೆಂಗಸಿನ ದನಿ. ಮಲಗಿದವರು ಏಳಬಾರದು ಅನ್ನೋ ಹಾಗೆ ಸಣ್ಣಗೆ.

ಪರದೆ ನೋಡಿಕೊಂಡು ಓದಿದ. "ಇಪ್ಪತ್ತು... ಪಾಯಿಂಟ್ ಎಂಟು ಮೂರು."

"ಇಪ್ಪತ್ತೊಂದು ಅಂತ ಹಿಡಿ. ಹೋಗಿ ಅಕ್ಕನಿಗೆ ಹೇಳು... ನಡಿ."

ತಿರುಗಿ ನೋಡಲಿಲ್ಲ. ಕಾಲಿಗೆ ಬುದ್ಧಿ ಹೇಳಿದ.

ಅಕ್ಕ ವಾರ್ಡಿನ ಬಾಗಿಲಲ್ಲೇ ಸಿಕ್ಕಳು. "ಯಾಕೋ ಹೀಗೆ ಬೆವೆತಿದ್ದೀಯ?"

"ಅಕ್ಕಾ... ಇಪ್ಪತ್ತೊಂದು ಅಂತೆ."

"ಏನು ಇಪ್ಪತ್ತೊಂದು?"

"ಗೊತ್ತಿಲ್ಲ. ನಿಂಗೆ ಹೇಳು ಅಂದ್ರು."

ಅವಳಿಗೆ ತಟ್ಟನೆ ನೆನಪಾಯಿತು. ಅರ್ಧ ಗಂಟೆ ಹಿಂದೆ ಕೊನೇ ಹಾಸಿಗೆಯ ಅಜ್ಜನಿಗೆ ಡ್ರಿಪ್ ಹಾಕಿದ್ದಳು, ಕತ್ತಲಲ್ಲಿ ಬಾಯಿಲೆಕ್ಕ ಮಾಡಿ. ಲೆಕ್ಕ ಬರೆದುಕೊಂಡಿದ್ದ ಚೀಟಿ ತೆಗೆದು ನೋಡಿದಳು. ಎಂಟು ಗಂಟೆ ಹೋಗಬೇಕಾದ ಬಾಟಲಿಗೆ ನಾಲ್ಕು ಗಂಟೆಯ ಲೆಕ್ಕ. ಇಪ್ಪತ್ತೊಂದು ಇರಬೇಕಾದ ಕಡೆ ನಿಮಿಷಕ್ಕೆ ನಲವತ್ತೆರಡು ಹನಿ.

"ಅವರ ಹಾರ್ಟು ತಡಿಯಲ್ಲ ಕಣೋ" ಅಂತ ಪಿಸುಗುಟ್ಟಿ ಓಡಿದಳು. ಅವನೂ ಹಿಂದೆಯೇ ಓಡಿದ.

ಅಜ್ಜ ನಿದ್ದೆಯಲ್ಲಿದ್ದರು. ಹನಿ ತಗ್ಗಿಸೋಕೆ ಡ್ರಿಪ್ಪಿನ ತಿರುಪಿಗೆ ಕೈ ಚಾಚಿದವಳು ಅಲ್ಲೇ ನಿಂತಳು.

ಟಪ್... ಟಪ್...

ವಾಚು ನೋಡುತ್ತಾ ಒಂದು ನಿಮಿಷ ಎಣಿಸಿದಳು. ಪಕ್ಕದಲ್ಲಿ ನಿಂತು ತಮ್ಮನೂ ಎಣಿಸಿದ.

ಇಪ್ಪತ್ತೊಂದು.

ಆ ರಾತ್ರಿ ವಾರ್ಡಿನಲ್ಲಿ ಬೇರೆ ನರ್ಸ್ ಇರಲಿಲ್ಲ. ರೋಗಿಗಳು ಯಾರೂ ಎದ್ದಿರಲಿಲ್ಲ. ಅಜ್ಜ ನಾಲ್ಕನೇ ದಿನ ನಡೆದುಕೊಂಡೇ ಮನೆಗೆ ಹೋದರು. ಒಂದು ಮಾತೂ ನಾನು ಸೇರಿಸಿಲ್ಲ, ಅಕ್ಕತಮ್ಮ ಇಬ್ಬರೂ ಇಲ್ಲೇ ಇದ್ದಾರೆ, ಕೇಳಿ ನೋಡಿ... ನಲವತ್ತೆರಡಕ್ಕೆ ಇಟ್ಟ ಮೇಲೆ ಆ ತಿರುಪನ್ನು ಅವಳು ಮತ್ತೆ ಮುಟ್ಟಿರಲಿಲ್ಲ.